ಬೆಂಗಳೂರಿನಿಂದ ದೆಹಲಿಗೆ: ದೂರವೆಷ್ಟು, ಹೊತ್ತೆಷ್ಟು?

ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ದೂರವೆಂದು ಕೇಳಿದರೆ, ನಮ್ಮಲ್ಲಿ ಬಹುಮಂದಿ ದೂರವನ್ನು ಹೇಳುವುದೇ ಇಲ್ಲ. "ಎರಡೂ ಮುಕ್ಕಾಲು ಗಂಟೆ" ಎಂದು ಹೇಳಿಬಿಡುತ್ತಾರೆ. ಕೇಳಿದುದು ಒಂದು, ಹೇಳಿದುದು ಮತ್ತೊಂದು. ಆದರೂ ಕೇಳಿದವರಿಗೆ ಅಸಮಾಧಾನವಾಗುವುದಿಲ್ಲ. ಇದು ವಿಮಾನ ಬಂದ ಮೇಲೆ ಹುಟ್ಟಿದ ಅಭ್ಯಾಸವೆಂದು ತಿಳಿಯಬೇಕಾಗಿಲ್ಲ. ಹರಿದಾರಿ ಗಾವುದಗಳ ಲೆಕ್ಕವನ್ನು ಬಲ್ಲವರಾಗಿದ್ದರೂ ನಮ್ಮ ಹಿರಿಯರು ದಾರಿಯನ್ನು ಹೊತ್ತಿನಿಂದಲೇ ಅಳೆಯುತ್ತಿದ್ದರು. ಕೋಳಿ ಕೂಗುವಾಗ ಗಾಡಿ ಕಟ್ಟಿದರೆ ಊಟದ ಹೊತ್ತಿಗೆ ಸಂತೆ. ಊಟ ಮುಗಿಸಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಎತ್ತಿನ ನಡಿಗೆ ಇಂದು ನಾಳೆಗೆ ಹೆಚ್ಚು ಬದಲಾಗುವಂಥದಲ್ಲವಾದುದರಿಂದ, ಅಲ್ಲಿ ಹೊತ್ತನ್ನು ಹೇಳಿದರೂ ಒಂದೇ, ದೂರವನ್ನು ಹೇಳಿದರೂ ಒಂದೇ. ಆಕಾಶದಲ್ಲಿ ಹಾಗಲ್ಲ. ಅಲ್ಲಿ ದೂರವು ಒಂದು ವಸ್ತು, ಕಾಲವು ಬೇರೊಂದು ವಸ್ತು. ಇವೆರಡೂ ಎಲ್ಲಿ ಬೇರೆಯಾಗುತ್ತವೆ, ಬೇರೆಯೆಂಬುದನ್ನು ಮರೆತರೆ ಏನು ಸಂಭವಿಸೀತು ಎಂಬುದನ್ನು ವಿಚಾರ ಮಾಡುವುದೇ ಈ ಹೊತ್ತಿನ ಉದ್ದೇಶ.

ಮೊದಲು ದೂರವನ್ನು ನೋಡೋಣ. ಕೈಗೆಟುಕುವಲ್ಲಿ ಕಾಗದವೂ ಪೆನ್ಸಿಲೂ ಇದ್ದರೆ ತೆಗೆದುಕೊಳ್ಳಬಹುದು. ಇಲ್ಲದಿದ್ದರೂ ಬಾಧಕವಿಲ್ಲ, ಲೆಕ್ಕ ಅಷ್ಟು ಸುಲಭವಾಗಿದೆ. ಭೂಮಿಯ ಮೇಲಿನ ಎರಡು ಸ್ಥಳಗಳ ನಡುವಣ ಅತ್ಯಂತ ಹತ್ತಿರದ ದಾರಿ ಮಹಾವೃತ್ತದ ಒಂದು ತುಂಡು. ಗೋಳದ ಮೇಲೆ ಎರಡು ಗುಂಡುಸೂಜಿಗಳನ್ನು ಚುಚ್ಚಿ ಅವುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಅದು ಹೇಗೆ ನಿಲ್ಲುವುದೋ ಅದೇ ಆ ದಾರಿ. ಇದನ್ನು ಗಣಿಸುವುದಕ್ಕೆ ಸಾಮಾನ್ಯವಾಗಿ ಗೋಳೀಯ ತ್ರಿಕೋಣಮಿತಿ ಬೇಕು. ಆದರೆ ಬೆಂಗಳೂರು ಮತ್ತು ದೆಹಲಿಗಳ ವಿಷಯದಲ್ಲಿ ಪ್ರಕೃತಿಯು ನಮಗೆ ಒಂದು ಉಪಕಾರವನ್ನು ಮಾಡಿದೆ: ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ದೇವನಹಳ್ಳಿಯ ವಿಮಾನ ನಿಲ್ದಾಣವು ಉತ್ತರ ಅಕ್ಷಾಂಶ 13 ಡಿಗ್ರಿ 12 ಕಲೆ, ಪೂರ್ವ ರೇಖಾಂಶ 77 ಡಿಗ್ರಿ 42 ಕಲೆಯಲ್ಲಿದೆ. ದೆಹಲಿಯ ಪಾಲಂ ಪ್ರದೇಶದಲ್ಲಿರುವ ನಿಲ್ದಾಣವು ಅಕ್ಷಾಂಶ 28 ಡಿಗ್ರಿ 34 ಕಲೆ, ರೇಖಾಂಶ 77 ಡಿಗ್ರಿ 6 ಕಲೆಯಲ್ಲಿದೆ. ನಮ್ಮ ಜ್ಯೋತಿಷಿಗಳು ಕಲೆಯೆಂದು ಕರೆಯುತ್ತ ಬಂದಿರುವ, ಡಿಗ್ರಿಯ ಅರುವತ್ತನೆಯ ಒಂದು ಭಾಗವು, ಅಕ್ಷಾಂಶದ ಮೇಲೆ ಒಂದು ನಾವಿಕ ಮೈಲಿಗೆ ಸಮ. ಎರಡು ನಿಲ್ದಾಣಗಳ ಅಕ್ಷಾಂಶದ ಅಂತರ 15 ಡಿಗ್ರಿ 22 ಕಲೆ, ಅಂದರೆ 922 ಕಲೆ. ಆದುದರಿಂದ ದೂರ 922 ನಾವಿಕ ಮೈಲಿ. ರೇಖಾಂಶದ ಅಲ್ಪ ವ್ಯತ್ಯಾಸವನ್ನು ಸೇರಿಸಿದರೂ ಒಂದು ಮೈಲಿ ಹೆಚ್ಚುವುದಿಲ್ಲ. ನಾವಿಕ ಮೈಲಿಗೆ 1.852 ಕಿಲೋಮೀಟರಿನಂತೆ ಗುಣಿಸಿದರೆ ಸುಮಾರು 1,709 ಕಿಲೋಮೀಟರು ಬರುತ್ತದೆ.

ಇಷ್ಟಕ್ಕೆ ತೃಪ್ತರಾಗಿ ಎದ್ದುಬಿಡುವಂತಿಲ್ಲ. ಇದೇ ದೂರವನ್ನು ಬೇರೆ ಕಡೆ 1,702 ಕಿಲೋಮೀಟರೆಂದು ಕೊಟ್ಟಿರುವುದನ್ನು ನೀವು ಕಾಣಬಹುದು. ಏಳು ಕಿಲೋಮೀಟರು ಎಲ್ಲಿ ಹೋಯಿತು? ಯಾರೂ ಕದ್ದಿಲ್ಲ. ಭೂಮಿಯು ಸರಿಯಾದ ಗುಂಡಲ್ಲ. ಧ್ರುವಗಳಲ್ಲಿ ತುಸು ಚಪ್ಪಟೆಯಾಗಿದೆ. ಅದರಿಂದಾಗಿ ಅಕ್ಷಾಂಶದ ಒಂದು ಡಿಗ್ರಿಯ ಉದ್ದವು ಸಮಭಾಜಕ ವೃತ್ತದ ಬಳಿ ಸುಮಾರು 110.6 ಕಿಲೋಮೀಟರು, ಧ್ರುವದ ಬಳಿ ಸುಮಾರು 111.7. ನಮ್ಮ ದೇಶ ಸಮಭಾಜಕಕ್ಕೆ ಹತ್ತಿರವಾದುದರಿಂದ ಇಲ್ಲಿಯ ಡಿಗ್ರಿ ಸರಾಸರಿಗಿಂತ ಗಿಡ್ಡ. ಗುಂಡಾದ ಭೂಮಿಯನ್ನು ಕಲ್ಪಿಸಿಕೊಂಡವರಿಗೆ 1,709. ಇದ್ದ ಹಾಗೆ ಚಪ್ಪಟೆಯಾಗಿ ಹಿಡಿದವರಿಗೆ 1,702.

ಈ ಏಳು ಕಿಲೋಮೀಟರಿನ ಕಥೆಗೆ ಬೆಂಗಳೂರಿನೊಡನೆ ಹಳೆಯ ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ, ಯುದ್ಧ ಮುಗಿದ ಮೇಲೆ ದಕ್ಷಿಣ ಭಾರತದ ಭೂಮಾಪನದ ಯೋಜನೆಯೊಂದನ್ನು ಸರ್ಕಾರದ ಮುಂದಿಟ್ಟನು. ನಕ್ಷೆ ಮಾಡುವುದು ಒಂದು ಕಾರಣ. ಭೂಮಿಯ ಆಕಾರವನ್ನು ತಿಳಿಯುವುದು ಅವನ ಅಂತರಂಗದ ಆಸೆ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ನೂರು ಅಡಿಯ ಉಕ್ಕಿನ ಸರಪಣಿಯಿಂದ ಆಧಾರರೇಖೆಯನ್ನು ಅಳೆದನು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದನ್ನು ಅಳೆದನು. ಅಲ್ಲಿಂದ 78ನೆಯ ರೇಖಾಂಶವನ್ನು ಹಿಡಿದು ಬೆಟ್ಟದಿಂದ ಬೆಟ್ಟಕ್ಕೆ, ಗೋಪುರದಿಂದ ಗೋಪುರಕ್ಕೆ ತ್ರಿಕೋಣಗಳನ್ನು ಹೆಣೆಯುತ್ತ ಹೊರಟಿತು ಅವನ ದಂಡು. ಕೋಣಗಳನ್ನು ಅಳೆಯುವ ಥಿಯೋಡೊಲೈಟ್ ಯಂತ್ರದ ತೂಕವೇ ಸುಮಾರು ಅರ್ಧ ಟನ್ನು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ಹರಿದು ಗೋಡೆಗೆ ಅಪ್ಪಳಿಸಿತು. ಲ್ಯಾಂಬ್ಟನ್ನನು ಕುಗ್ಗದೆ ಅದನ್ನು ಬಿಚ್ಚಿ, ತಟ್ಟಿ, ಸರಿಮಾಡಿಕೊಂಡನು. ಅಳೆಯುತ್ತ ಅಳೆಯುತ್ತಲೇ 1823ರಲ್ಲಿ ವಾರ್ಧಾ ಪ್ರಾಂತದ ಹಿಂಗಣಘಾಟದಲ್ಲಿ ತೀರಿಕೊಂಡನು. ಅವನ ಉತ್ತರಾಧಿಕಾರಿಯಾದ ಜಾರ್ಜ್ ಎವರೆಸ್ಟನು ಆ ಮಹಾಚಾಪವನ್ನು ಹಿಮಾಲಯದ ಬುಡಕ್ಕೆ ಮುಟ್ಟಿಸಿದುದು 1841ರಲ್ಲಿ. ನಮ್ಮ ವಿಮಾನವು ಕಿಟಕಿಯ ಪರದೆ ಎಳೆದುಕೊಂಡು ಮಲಗಿದವರನ್ನು ಹೊತ್ತು ಹಾರುವ ದಾರಿ ಹೆಚ್ಚುಕಡಿಮೆ ಇದೇ ದಾರಿ. ಜ್ವರದಿಂದ ಎಷ್ಟೋ ಮಂದಿ ಕೂಲಿಕಾರರೂ ನಿಶಾನೆ ಹಿಡಿಯುವವರೂ ಸತ್ತ ದಾರಿಯೂ ಹೌದು.

ಎರಡು ನಿಲ್ದಾಣಗಳ ನಡುವೆ ನೇರವಾಗಿ ಗೆರೆ ಎಳೆದರೆ ಅದು ಯಾವ ಯಾವ ಊರುಗಳ ಮೇಲೆ ಹೋಗುವುದೆಂದು ನೋಡುವುದು ಸಂತೋಷದ ಕೆಲಸ. ಅನಂತಪುರದ ಹತ್ತಿರ ಹಾದು, ಮಂತ್ರಾಲಯದ ಆಸುಪಾಸಿನಲ್ಲಿ ತುಂಗಭದ್ರೆಯನ್ನು ದಾಟಿ, ರಾಯಚೂರನ್ನು ಎಡಕ್ಕೆ ಬಿಟ್ಟು ಕೃಷ್ಣೆಯನ್ನು ಕಳೆದು, ಆ ಗೆರೆಯು ಬೀದರದ ಕೋಟೆಯ ನೆತ್ತಿಗೆ ಬರುತ್ತದೆ. ಅಲ್ಲಿಗೆ ಕನ್ನಡನಾಡು ಮುಗಿಯಿತು. ಮುಂದೆ ನಾಂದೇಡದ ಬಳಿ ಗೋದಾವರಿ, ಆಮೇಲೆ ತಾಪಿ, ನರ್ಮದೆ, ಭೋಪಾಲದ ಪಕ್ಕದಲ್ಲಿ ಹಾದು ಚಂಬಲ್ ಕಣಿವೆ, ಅದರಾಚೆ ಬಯಲು. ಸಂಧ್ಯಾವಂದನೆಯ ಕಲಶದಲ್ಲಿ ಆವಾಹನೆ ಮಾಡುವ ನದಿಗಳಲ್ಲಿ ಎರಡನ್ನು ಕಾಫಿಯ ಲೋಟ ಕೈಯಲ್ಲಿರುವಾಗಲೇ ದಾಟಿರುತ್ತೇವೆ. ವಿಮಾನವು ಈ ಗೆರೆಯ ಮೇಲೆಯೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಆಕಾಶದಲ್ಲಿಯೂ ಹೆಸರಿಟ್ಟ ಬಿಂದುಗಳಿಂದ ಕೂಡಿದ ಹಾದಿಗಳಿವೆ. ಸೈನ್ಯಕ್ಕೆ ಮೀಸಲಾದ ಪ್ರದೇಶಗಳನ್ನು ಸುತ್ತಿಹೋಗಬೇಕು. ಮೋಡದ ಗೋಪುರಗಳೆದ್ದಿದ್ದರೆ ಅವುಗಳಿಂದ ದೂರ ಸರಿಯಬೇಕು. ಆದರೂ ರೈಲಿನೊಡನೆ ಹೋಲಿಸಿದರೆ ಈ ಸುತ್ತು ಸುತ್ತೇ ಅಲ್ಲ: ದೆಹಲಿಗೆ ನಮ್ಮ ರೈಲುದಾರಿ 2,300 ಕಿಲೋಮೀಟರಿಗೂ ಮೀರಿದ್ದು.

ಇನ್ನು ಕಾಲದ ಮಾತು. ಈ ಮಾರ್ಗದಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ 320ರಂಥ ವಿಮಾನವು ಮೇಲೇರಿ ಸಮವಾಗಿ ಸಾಗುವಾಗ ಗಂಟೆಗೆ ಸುಮಾರು 830 ಕಿಲೋಮೀಟರು ಓಡುತ್ತದೆ. 1,702ನ್ನು 830ರಿಂದ ಭಾಗಿಸಿದರೆ ಎರಡು ಗಂಟೆ ಮೂರು ನಿಮಿಷ. ವೇಳಾಪಟ್ಟಿಯಲ್ಲಿಯೋ, ಎರಡು ಗಂಟೆ ನಲವತ್ತೈದು ನಿಮಿಷದಿಂದ ಮೂರು ಗಂಟೆಯವರೆಗೆ ಬರೆದಿರುತ್ತಾರೆ. ಉಳಿದ ನಲವತ್ತೈದು ನಿಮಿಷ ಯಾರ ಲೆಕ್ಕಕ್ಕೆ?

ವೇಳಾಪಟ್ಟಿಯ ಕಾಲವು ಹಾರಾಟದ ಕಾಲವಲ್ಲ. ನಿಂತ ವಿಮಾನದ ಚಕ್ರಕ್ಕೆ ಕೊಟ್ಟ ತಡೆಯನ್ನು ತೆಗೆದ ಗಳಿಗೆಯಿಂದ, ಸೇರಿದ ಊರಿನಲ್ಲಿ ಅದನ್ನು ಮತ್ತೆ ಕೊಡುವ ಗಳಿಗೆಯವರೆಗೆ ಇರುವ ಕಾಲ ಅದು. ಅದರಲ್ಲಿ ನೆಲದ ಮೇಲಿನ ಓಡಾಟವೂ ಸೇರುತ್ತದೆ. ದೆಹಲಿಯ ರನ್‌ವೇಗಳಲ್ಲಿ ಒಂದು ನಾಲ್ಕು ಕಿಲೋಮೀಟರಿಗಿಂತ ಉದ್ದವಾಗಿದೆ. 2023ರಲ್ಲಿ ಅಲ್ಲಿಗೆ ನಾಲ್ಕನೆಯ ರನ್‌ವೇಯೂ ಸೇರಿತು. ಒಂದು ಮೂಲೆಯಲ್ಲಿ ಇಳಿದು ಮತ್ತೊಂದು ಮೂಲೆಯ ದ್ವಾರಕ್ಕೆ ಬರುವಷ್ಟರಲ್ಲಿ, ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹೋದ ಅನುಭವವಾಗುತ್ತದೆ. ಜೊತೆಗೆ ಏರುವಾಗಲೂ ಇಳಿಯುವಾಗಲೂ ವಿಮಾನವು ಪೂರ್ಣ ವೇಗದಲ್ಲಿರುವುದಿಲ್ಲ. ಹತ್ತು ಸಾವಿರ ಅಡಿಯ ಕೆಳಗೆ 250 ನಾಟುಗಳ, ಎಂದರೆ ಗಂಟೆಗೆ ಸುಮಾರು 460 ಕಿಲೋಮೀಟರಿನ, ಮಿತಿಯೊಳಗೆ ಇರುವುದು ಸಾಮಾನ್ಯ ನಿಯಮ. ಕೊನೆಗೆ, ಒಂದರ ಹಿಂದೊಂದು ಸಾಲಾಗಿ ಇಳಿಯಬೇಕಾದುದರಿಂದ ದೆಹಲಿಯ ಹತ್ತಿರ ಬಂದ ವಿಮಾನವನ್ನು ಆ ಕಡೆ ಈ ಕಡೆ ತಿರುಗಿಸಿ ಸರದಿಗೆ ಹೊಂದಿಸುತ್ತಾರೆ.

ಇವೆಲ್ಲವನ್ನೂ ಕೂಡಿದ ಮೇಲೆ ವಿಮಾನ ಕಂಪನಿಗಳು ತಮ್ಮ ಕಡೆಯಿಂದ ಹತ್ತು ಹದಿನೈದು ನಿಮಿಷಗಳನ್ನು ಮೇಲೆ ಹಾಕಿಯೇ ಅಚ್ಚು ಮಾಡಿಸುತ್ತವೆ. ತಡವಾಗಿ ಹೊರಟ ವಿಮಾನವು "ಸಕಾಲಕ್ಕೆ" ಬಂದು ತಲಪಿತೆಂದು ನಾವು ಆಶ್ಚರ್ಯಪಡುವುದು ಇದರಿಂದಲೇ. ಇದನ್ನು ಮೋಸವೆಂದು ಕರೆಯಲಾರೆನು; ಪೂರ್ತಿ ಪ್ರಾಮಾಣಿಕತೆಯೆಂದೂ ಕರೆಯಲಾರೆನು. ಐದು ಗಂಟೆಗೆ ಬರುವುದಾಗಿ ಹೇಳಿ ಐದೂವರೆಗೆ ಬರುವ ನೆಂಟನಿಗಿಂತ, ಆರು ಗಂಟೆಯೆಂದು ಹೇಳಿ ಐದೂವರೆಗೆ ಬರುವವನು ನಮಗೆ ಹೆಚ್ಚು ಪ್ರಿಯನಾಗುವುದಿಲ್ಲವೆ?

ಗಾಳಿಯ ವಿಷಯವನ್ನು ಹೇಳದೆ ವಿಮಾನದ ಕಾಲವನ್ನು ಹೇಳಿ ಮುಗಿಸಲಾಗದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಟಪಾಲಿನ ವಿಮಾನವನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟರು ಅದೇ ಟಪಾಲನ್ನು ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಆ ಪುಟ್ಟ ವಿಮಾನದ ವೇಗ ಗಂಟೆಗೆ ನೂರು ಮೈಲಿಯ, ಅಂದರೆ 160 ಕಿಲೋಮೀಟರಿನ ಆಸುಪಾಸು. ಎದುರಿನಿಂದ 40 ಕಿಲೋಮೀಟರಿನ ಗಾಳಿ ಬೀಸಿದರೆ ಮೂರು ಗಂಟೆಯ ಪಯಣಕ್ಕೆ ನಾಲ್ಕು ಗಂಟೆ ಹಿಡಿಯುವುದು. ಇಂದಿನ ಜೆಟ್ ವಿಮಾನಕ್ಕೆ ಅದೇ ಗಾಳಿ ನೂರಕ್ಕೆ ಐದರಷ್ಟು ನಷ್ಟವನ್ನು ಮಾತ್ರ ತರುತ್ತದೆ. ಆದರೆ ಜೆಟ್ಟುಗಳು ಹಾರುವ ಎತ್ತರದಲ್ಲಿ ಬೀಸುವುದು ಅಂಥ ಗಾಳಿಯಲ್ಲ. ಗಂಟೆಗೆ ಇನ್ನೂರು ಕಿಲೋಮೀಟರನ್ನು ಮೀರಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳು ಅಲ್ಲಿವೆ. ಜಪಾನಿನ ವಾಸಾಬುರೊ ಓಯಿಶಿ ಎಂಬ ವಿಜ್ಞಾನಿ ಬಲೂನುಗಳನ್ನು ಹಾರಿಬಿಟ್ಟು ಇವನ್ನು ಗುರುತಿಸಿ, 1926ರಲ್ಲಿ ಎಸ್ಪೆರಾಂಟೋ ಭಾಷೆಯಲ್ಲಿ ವರದಿಯನ್ನು ಅಚ್ಚು ಹಾಕಿಸಿದರು. ಜಗತ್ತಿಗೆಲ್ಲ ತಿಳಿಯಲೆಂದು ಜಗದ್ಭಾಷೆಯನ್ನು ಆರಿಸಿಕೊಂಡರು. ಆ ಭಾಷೆಯನ್ನು ಓದುವವರು ಜಗತ್ತಿನಲ್ಲಿ ಇರಲಿಲ್ಲ! ಎರಡನೆಯ ಮಹಾಯುದ್ಧದಲ್ಲಿ ಎತ್ತರ ಹಾರಿದ ವಿಮಾನಗಳು ಆ ಹೊಳೆಗೆ ಸಿಕ್ಕಿದ ಮೇಲೆಯೇ ಉಳಿದವರು ಅದನ್ನು ನಂಬಿದುದು. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸಿನ ವಿಮಾನವೊಂದು ಇಂಥ ಹೊಳೆಯ ಬೆನ್ನೇರಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಗೆ ನಾಲ್ಕು ನಿಮಿಷ ಮೊದಲೇ ಬಂದಿಳಿಯಿತು. ಬರುವ ದಾರಿಯೂ ಹೋಗುವ ದಾರಿಯೂ ಅಷ್ಟೇ ದೂರ; ಆದರೆ ಹಿಂದಿರುಗಿ ಪಶ್ಚಿಮಕ್ಕೆ ಹೋಗುವವರಿಗೆ ಏಳು ಗಂಟೆಗೂ ಹೆಚ್ಚು.

ಬೆಂಗಳೂರು ದೆಹಲಿಗಳ ದಾರಿಗೆ ಈ ಪಕ್ಷಪಾತವಿಲ್ಲ. ಚಳಿಗಾಲದಲ್ಲಿ ಪಶ್ಚಿಮದ ಗಾಳಿಹೊಳೆ ಉತ್ತರ ಹಿಂದೂಸ್ಥಾನದ ಮೇಲೆ ಹರಿಯುತ್ತದೆ. ಮುಂಗಾರಿನಲ್ಲಿ ದಕ್ಷಿಣದ ಮೇಲೆ ಇನ್ನೂ ಎತ್ತರದಲ್ಲಿ ಪೂರ್ವದಿಂದ ಬರುವ ಮತ್ತೊಂದು ಹೊಳೆ ಇರುತ್ತದೆ. ಇದನ್ನು ವಿವರಿಸಿದವರು ನಮ್ಮವರೇ ಆದ ಪಿ. ಕೋಟೇಶ್ವರಂ ಅವರು. ನಾವು ಹೋಗುವುದು ಉತ್ತರಕ್ಕೆ, ಗಾಳಿ ಪಕ್ಕದಿಂದ. ಸೆಳವಿರುವ ಕಾವೇರಿಯನ್ನು ದಾಟುವ ಹರಿಗೋಲಿನವನು ನೇರವಾಗಿ ಎದುರುದಡಕ್ಕೆ ಹುಟ್ಟು ಹಾಕುವುದಿಲ್ಲ. ತುಸು ಮೇಲಕ್ಕೆ ಮುಖ ಮಾಡಿ ಹಾಕುತ್ತಾನೆ. ವಿಮಾನ ಚಾಲಕನೂ ಹಾಗೆಯೇ ಮೂತಿಯನ್ನು ಗಾಳಿಯ ಕಡೆಗೆ ಓರೆಮಾಡುತ್ತಾನೆ. 450 ನಾಟುಗಳ ವೇಗದ ವಿಮಾನಕ್ಕೆ ಪಕ್ಕದಿಂದ 100 ನಾಟುಗಳ ಗಾಳಿ ಬಡಿದರೂ ನಷ್ಟವಾಗುವುದು 11 ನಾಟು ಮಾತ್ರ. ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ.

ಇಷ್ಟು ಹೊತ್ತೂ ದೂರಕ್ಕೂ ಕಾಲಕ್ಕೂ ಇರುವ ಅಂತರವನ್ನು ಕುತೂಹಲದ ವಿಷಯವಾಗಿ ನೋಡಿದೆವು. ಪ್ರಾಣದ ವಿಷಯವಾಗಿಯೂ ನೋಡಬೇಕಾಗಿದೆ. ವಿಮಾನದ ಎಣ್ಣೆ ಖರ್ಚಾಗುವುದು ಮೈಲಿಯ ಲೆಕ್ಕದಲ್ಲಲ್ಲ, ಗಂಟೆಯ ಲೆಕ್ಕದಲ್ಲಿ. ನಾನು ಹೇಳಿದ ಬಗೆಯ ವಿಮಾನಕ್ಕೆ ಗಂಟೆಗೆ ಸುಮಾರು ಎರಡೂವರೆ ಟನ್ನು ಬೇಕು. ಗಾಡಿಯ ಎತ್ತು ದಣಿದರೆ ಮರದ ನೆರಳಿನಲ್ಲಿ ನಿಲ್ಲಬಹುದು. ವಿಮಾನ ಮುಂದೆ ಹೋಗದೆ ಒಂದೇ ಕಡೆ ಗಿರಕಿ ಹೊಡೆಯುತ್ತಿದ್ದರೂ ಎಣ್ಣೆ ಕರಗುತ್ತಲೇ ಇರುತ್ತದೆ. ಆದುದರಿಂದಲೇ ಗುರಿ ಮುಟ್ಟುವಷ್ಟು ಎಣ್ಣೆಯ ಮೇಲೆ, ಅಲ್ಲಿ ಇಳಿಯಲಾಗದಿದ್ದರೆ ಬೇರೊಂದು ಊರಿಗೆ ಹೋಗುವಷ್ಟನ್ನೂ, ಅದರ ಮೇಲೆ ಅರ್ಧ ಗಂಟೆ ಸುಮ್ಮನೆ ಸುತ್ತುವಷ್ಟನ್ನೂ ತುಂಬಿಕೊಳ್ಳತಕ್ಕದ್ದೆಂಬ ಅಂತರರಾಷ್ಟ್ರೀಯ ನಿಯಮವಿದೆ. ಪುಷ್ಯಮಾಸದ ಮಂಜಿನಲ್ಲಿ ದೆಹಲಿ ಕಾಣದೆಹೋದಾಗ ಪ್ರಯಾಣಿಕರನ್ನು ಜಯಪುರದಲ್ಲಿಯೋ ಲಕ್ನೋದಲ್ಲಿಯೋ ಇಳಿಸುತ್ತಾರೆ. ಆಗ ಗೊಣಗುವವರು ಬಹಳ. ದೆಹಲಿಯ ಮೇಲೆಯೇ ಇನ್ನೂ ಸ್ವಲ್ಪ ಹೊತ್ತು ಕಾಯಬಾರದಾಗಿತ್ತೆ ಎಂದು ಅವರ ಪ್ರಶ್ನೆ.

1990ರ ಜನವರಿ 25ರಂದು ಕೊಲಂಬಿಯಾ ದೇಶದಿಂದ ನ್ಯೂಯಾರ್ಕಿಗೆ ಹೊರಟ ಏವಿಯಾಂಕಾ ಕಂಪನಿಯ ವಿಮಾನವು ಹಾಗೆ ಕಾಯಿತು. ನ್ಯೂಯಾರ್ಕಿನಲ್ಲಿ ಹವೆ ಕೆಟ್ಟಿತ್ತು. ವಿಮಾನಗಳ ಸಾಲು ಬೆಳೆದಿತ್ತು. ಮೂರು ಕಡೆ ಸೇರಿ ಒಂದೂಕಾಲು ಗಂಟೆಗೂ ಹೆಚ್ಚು ಕಾಲ ಅದನ್ನು ಸುತ್ತಿಸಿದರು. ದೂರವೆಲ್ಲ ಮುಗಿದಿತ್ತು, ಕಾಲ ಮಾತ್ರ ಮುಗಿದಿರಲಿಲ್ಲ. ವಿಮಾನದವರು ತಮಗೆ "ಆದ್ಯತೆ" ಬೇಕೆಂದು ರೇಡಿಯೋದಲ್ಲಿ ಕೇಳಿದರು. ಎಣ್ಣೆ ತೀರುತ್ತಿದೆಯೆಂದೂ ಹೇಳಿದರು. ಆದರೆ ಅಪಾಯವನ್ನು ಸಾರುವುದಕ್ಕೆಂದೇ ಗೊತ್ತುಮಾಡಿರುವ "ತುರ್ತು ಪರಿಸ್ಥಿತಿ" ಎಂಬ ಮಾತನ್ನು ಬಳಸಲಿಲ್ಲ. ಅವರ ತಾಯ್ನುಡಿ ಸ್ಪ್ಯಾನಿಷ್. ಕೆಳಗಿನವರು ಉಳಿದವರೊಡನೆ ಅವರನ್ನೂ ಸರದಿಯಲ್ಲಿ ನಿಲ್ಲಿಸಿದರು. ಮೊದಲ ಸಲ ಇಳಿಯುವ ಪ್ರಯತ್ನ ವಿಫಲವಾಗಿ ಎರಡನೆಯ ಸಲಕ್ಕೆ ತಿರುಗುವಷ್ಟರಲ್ಲಿ ನಾಲ್ಕು ಯಂತ್ರಗಳೂ ಆರಿದವು. ಒಳಗಿದ್ದ 158 ಮಂದಿಯಲ್ಲಿ 73 ಮಂದಿ ಮಡಿದರು. ವಿದ್ಯಾರ್ಥಿಗಳಿಗೆ ಇಂಗ್ಲಿಷಿನ ಪರ್ಯಾಯಪದಗಳನ್ನು ಕಲಿಸುವಾಗ ಒಂದರ ಬದಲು ಇನ್ನೊಂದನ್ನು ಬಳಸಬಹುದೆಂದು ನಾವು ಉದಾರವಾಗಿ ಹೇಳಿಬಿಡುತ್ತೇವೆ.

ಮತ್ತೊಂದು ಪ್ರಸಂಗ ನಮಗೆ ಇನ್ನೂ ಹತ್ತಿರದ್ದು. 2014ರಲ್ಲಿ ಬೆಂಗಳೂರಿನಲ್ಲಿ ದಾನವಾಗಿ ದೊರೆತ ಹೃದಯವೊಂದನ್ನು ವಿಮಾನದಲ್ಲಿ ಚೆನ್ನೈಗೆ ಒಯ್ದು ಅಲ್ಲಿಯ ರೋಗಿಗೆ ಜೋಡಿಸಿದರು. ದೇಹದಿಂದ ತೆಗೆದು ಮಂಜುಗಡ್ಡೆಯಲ್ಲಿಟ್ಟ ಹೃದಯವು ಸಾಮಾನ್ಯವಾಗಿ ನಾಲ್ಕು ಗಂಟೆಯ ಮಟ್ಟಿಗೆ ಬಾಳುತ್ತದೆ. ಬೆಂಗಳೂರಿನಿಂದ ಚೆನ್ನೈಗೆ ಆಕಾಶದಲ್ಲಿ ಸುಮಾರು 270 ಕಿಲೋಮೀಟರು. ಒಂದು ಗಂಟೆಯೊಳಗಿನ ಹಾರಾಟ. ಭಯವಿದ್ದುದು ಆಕಾಶದ ದಾರಿಯದಲ್ಲ, ನೆಲದ ದಾರಿಯದು. ಎರಡು ಊರುಗಳಲ್ಲಿಯೂ ಪೋಲೀಸಿನವರು ವಾಹನಗಳನ್ನು ತಡೆದು ಆಸ್ಪತ್ರೆಗೂ ನಿಲ್ದಾಣಕ್ಕೂ ನಡುವೆ ದಾರಿ ಬಿಡಿಸಿಕೊಟ್ಟುದರಿಂದ ಕೆಲಸ ಸಾಧ್ಯವಾಯಿತು.

ನಮ್ಮ ವಿಮಾನ ನಿಲ್ದಾಣವು 2008ರ ಮೇ ತಿಂಗಳಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಬಳಿಯಿಂದ ದೇವನಹಳ್ಳಿಗೆ ಹೋಯಿತು. ಅಕ್ಷಾಂಶದಲ್ಲಿ ಕಾಲು ಡಿಗ್ರಿಯಷ್ಟು ಉತ್ತರಕ್ಕೆ ಸರಿದುದರಿಂದ ಬೆಂಗಳೂರು ದೆಹಲಿಗೆ ಸುಮಾರು 28 ಕಿಲೋಮೀಟರು ಹತ್ತಿರವಾಯಿತು. ಜೆಟ್ಟಿನ ವೇಗದಲ್ಲಿ ಎರಡು ನಿಮಿಷದ ಲಾಭ. ಜಯನಗರದವರು ಆ ಎರಡು ನಿಮಿಷಕ್ಕೆ ಕೊಟ್ಟ ಬೆಲೆಯನ್ನು ಅವರನ್ನೇ ಕೇಳಬೇಕು.

ಇದೇ ಲೆಕ್ಕವನ್ನು ದೆಹಲಿಯ ರೋಗಿಯೊಬ್ಬರಿಗಾಗಿ ಹಾಕಿ ನೋಡೋಣ. ನಾಲ್ಕು ಗಂಟೆಯೆಂದರೆ 240 ನಿಮಿಷ. ಹೃದಯವನ್ನು ಹೊಸ ಎದೆಯಲ್ಲಿ ಹೊಲಿಯುವುದಕ್ಕೆ ವೈದ್ಯರಿಗೆ ಒಂದು ಗಂಟೆಯಾದರೂ ಬೇಕು, ಉಳಿದುದು 180. ನೆಲ ಬಿಟ್ಟು ನೆಲ ಮುಟ್ಟುವವರೆಗಿನ ಹಾರಾಟಕ್ಕೆ ಸುಮಾರು 140, ಉಳಿದುದು 40. ಬೆಂಗಳೂರಿನ ಆಸ್ಪತ್ರೆಯಿಂದ ದೇವನಹಳ್ಳಿಯವರೆಗಿನ ಮೂವತ್ತೈದು ನಲವತ್ತು ಕಿಲೋಮೀಟರು, ರನ್‌ವೇಯವರೆಗಿನ ಓಟ, ದೆಹಲಿಯಲ್ಲಿ ಇಳಿದ ಮೇಲಿನ ಓಟ, ಅಲ್ಲಿಂದ ಆಸ್ಪತ್ರೆಯವರೆಗಿನ ರಸ್ತೆ, ಇಷ್ಟೂ ಆ ನಲವತ್ತು ನಿಮಿಷಗಳಲ್ಲಿ ಮುಗಿಯಬೇಕು. ಮೂತ್ರಪಿಂಡವಾದರೆ ಒಂದು ದಿನದ ಮಟ್ಟಿಗೆ ಕಾಯಬಲ್ಲುದು. ತೆಗೆದ ಹೃದಯಕ್ಕೆ ಬೆಚ್ಚಗಿನ ರಕ್ತವನ್ನು ಹರಿಸುತ್ತ, ದೇಹದ ಹೊರಗೂ ಅದು ಬಡಿಯುತ್ತಿರುವಂತೆ ಕಾಪಾಡುವ ಯಂತ್ರಗಳು ಬಂದಿವೆ. ಅವು ಇರುವ ಕಡೆ ಈ ಮಿತಿ ಸಡಿಲುತ್ತದೆ. ಬರಿಯ ಮಂಜುಗಡ್ಡೆಯ ಪೆಟ್ಟಿಗೆಯನ್ನು ನಂಬಿದವರಿಗೆ ಚೆನ್ನೈ ಎಲ್ಲೆಯ ಒಳಗಿದೆ, ಹೈದರಾಬಾದೂ ಒಳಗಿದೆ. ದೆಹಲಿ ಸರಿಯಾಗಿ ಎಲ್ಲೆಯ ಮೇಲಿದೆ.